ಐಬಿ ಎಕ್ಸಾಮ್ ಗೈಡ್: ರೀಸನಿಂಗ್ ಸೂಪರ್, ಐಬಿ ಬಗ್ಗೆ ಇರೋ ಚಾಪ್ಟರ್ ಮಾತ್ರ ಪೂರ್ತಿ ಸಿನಿಮಾ

ಸ್ಟಾರ್: 5ಕ್ಕೆ ಎರಡೂವರೆ

ಐಬಿ (ಇಂಟೆಲಿಜೆನ್ಸ್ ಬ್ಯೂರೋ, ಕೇಂದ್ರದ ಗುಪ್ತಚರ ಸಂಸ್ಥೆ) ನಡೆಸೋ ಎಸಿಐಒ, ಅಂದ್ರೆ ಸಹಾಯಕ ಗುಪ್ತಚರ ಅಧಿಕಾರಿ ಎಕ್ಸಾಮ್‌ಗೆ ಅಂತ ಈ ಗೈಡ್ ಆನ್‌ಲೈನಲ್ಲಿ ತರಿಸ್ಕೊಂಡೆ, ಪ್ರಶ್ನೆ ಇಂಗ್ಲಿಷಲ್ಲಿ ವಿವರಣೆ ಕನ್ನಡದಲ್ಲಿ, ಪಬ್ಲಿಷರ್ ಹೆಸರು ಬೇಡ ಬಿಡಿ. ಲೆಕ್ಕ, ರೀಸನಿಂಗ್ ಭಾಗ ನಿಜವಾಗ್ಲೂ ಚೆನ್ನಾಗಿದೆ, ಪ್ರಿಂಟೂ ಓಕೆ.

ಆದ್ರೆ ಐಬಿ ಅಂದ್ರೇನು ಅನ್ನೋ ಚಾಪ್ಟರ್ ಇದ್ಯಲ್ಲ, ಅದನ್ನ ಬರೆದವ್ರು ಎಲ್ಲಾ ಪತ್ತೇದಾರಿ ಪಿಕ್ಚರ್ ನೋಡ್ಕೊಂಡು ಕೂತ್ಕೊಂಡಿದ್ರೋ ಏನೋ. "ಐಬಿ ಅಧಿಕಾರಿ ವಾರಂಟ್ ಇಲ್ದೆ ಯಾರನ್ನ ಬೇಕಾದ್ರೂ ಅರೆಸ್ಟ್ ಮಾಡಬಹುದು" ಅಂತ ದಪ್ಪ ಅಕ್ಷರದಲ್ಲಿ ಹಾಕಿದಾರೆ. ಸ್ವಾಮಿ, ಐಬಿಗೆ ಅರೆಸ್ಟ್ ಪವರ್ರೇ ಇಲ್ಲ, ಎಫ್‌ಐಆರ್ ಹಾಕಲ್ಲ, ಚಾರ್ಜ್‌ಶೀಟೂ ಇಲ್ಲ, ಅವ್ರ ಕೆಲ್ಸ ಮಾಹಿತಿ ಕಲೆಹಾಕಿ ತಾಳೆ ನೋಡಿ ರಾಜ್ಯ ಪೊಲೀಸರಿಗೋ ಎನ್‌ಐಎಗೋ (ರಾಷ್ಟ್ರೀಯ ತನಿಖಾ ಸಂಸ್ಥೆ) ಮುಟ್ಟಿಸೋದು, ಹಿಡಿಯೋದು ಆ ಪೊಲೀಸರೋ ಎನ್‌ಐಎನೋ.

ಇನ್ನೊಂದು ಕಡೆ "ಪಾರ್ಲಿಮೆಂಟ್ ಕಾಯ್ದೆ ಪ್ರಕಾರ ಸ್ಥಾಪನೆ" ಅಂತೆ. ಯಾವ ಕಾಯ್ದೆ? ಐಬಿ ಶುರುವಾಗಿದ್ದು 1887ರಲ್ಲಿ, ಬ್ರಿಟಿಷರ ಕಾಲ. ಎನ್‌ಐಎಗೆ 2008ರ ಕಾಯ್ದೆ ಇದೆ, ಸಿಬಿಐಗೆ 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆ ಆಸರೆ, ಐಬಿಗೆ ಅಂತ ಬೇರೆ ಕಾಯ್ದೆ ಇವತ್ತಿಗೂ ಇಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳಿಗೆ ಕಾಯ್ದೆ ಬೇಕು ಅಂತ ಒಂದು ಖಾಸಗಿ ಮಸೂದೆ ತಂದಿದ್ರು, ಪಾಸಾಗ್ಲಿಲ್ಲ. ತಮಾಷೆ ಏನಂದ್ರೆ ಅಲ್ಲಿನ ನೌಕರರು ಯೂನಿಯನ್ ಸೇರಬಾರ್ದು, ಪ್ರೆಸ್ ಹತ್ರ ಮಾತಾಡಬಾರ್ದು ಅಂತ ಕಟ್ಟಿಹಾಕೋಕೆ 1985ರಲ್ಲೇ ಕಾಯ್ದೆ ಬಂತು! ನನಗೆ ಇಡೀ ಸಬ್ಜೆಕ್ಟಲ್ಲಿ ಇದೇ ಇಂಟ್ರೆಸ್ಟಿಂಗ್ ಅನ್ಸಿದ್ದು, ಗೈಡಲ್ಲಿ ಇದರ ಸುಳಿವೇ ಇಲ್ಲ.

ಫೋನ್ ಟ್ಯಾಪಿಂಗ್ ಬಗ್ಗೆ ಒಂದೇ ಲೈನು, ಯಾರ ಫೋನ್ ಬೇಕಾದ್ರೂ ಕೇಳಬಹುದು ಅಂತ. ಹಂಗಲ್ಲ, ಮಾಮೂಲಾಗಿ ಗೃಹ ಕಾರ್ಯದರ್ಶಿ ಆರ್ಡರ್ ಬೇಕು, ಅದು 60 ದಿನ, ಮುಂದುವರಿಸಿದ್ರೂ ಒಟ್ಟು 180 ದಿನ ದಾಟಂಗಿಲ್ಲ. 1996ರ ಸುಪ್ರೀಂ ಕೋರ್ಟ್ ತೀರ್ಪಿಂದ ಈ ಕಟ್ಟುಪಾಡು ಬಂದಿದ್ದು. ಆದ್ರೆ ಆ ಆರ್ಡರ್ ಸರೀನಾ ಅಂತ ನೋಡೋ ಕಮಿಟೀಲಿ ಇರೋರೂ ಸಂಪುಟ ಕಾರ್ಯದರ್ಶಿ ಮತ್ತೆ ಇನ್ನಿಬ್ರು ಕಾರ್ಯದರ್ಶಿಗಳೇ, ಜಡ್ಜ್ ಒಬ್ರೂ ಇಲ್ಲ, ಇದನ್ನ ಬರೀಬೇಕಿತ್ತು. ಕಂಪ್ಯೂಟರ್ ಡೇಟಾ ನೋಡೋಕೆ 2018ರ ಡಿಸೆಂಬರಲ್ಲಿ 10 ಸಂಸ್ಥೆಗಳಿಗೆ ಪರ್ಮಿಷನ್ ಕೊಟ್ಟ ಆರ್ಡರಲ್ಲಿ ಐಬಿ ಮೊದಲ್ನೇ ಹೆಸರು, ಅದೂ ಗೈಡಲ್ಲಿ ಇಲ್ಲ. ಆರ್‌ಟಿಐ ಇವ್ರಿಗೆ ಅನ್ವಯಿಸಲ್ಲ ಅಂತ ಹಾಕಿದಾರೆ, ಭ್ರಷ್ಟಾಚಾರ ಮತ್ತೆ ಮಾನವ ಹಕ್ಕು ಉಲ್ಲಂಘನೆ ಆರೋಪ ಇದ್ರೆ ಕೇಳಬಹುದು ಅನ್ನೋ ಮುಖ್ಯ ವಿನಾಯಿತಿ ನುಂಗಿಬಿಟ್ಟಿದಾರೆ.

ಸರಿ ಇರೋದು ಒಂದು, 1968ರಲ್ಲಿ ವಿದೇಶದ ಗುಪ್ತಚರ ಕೆಲ್ಸ ಐಬಿಯಿಂದ ಬಿಟ್ಟು ರಾ (RAW) ಅಂತ ಬೇರೆ ಸಂಸ್ಥೆ ಆಗಿದ್ದು.

ತಪ್ಪು ಉತ್ತರಕ್ಕೆ ಕಾಲು ಮಾರ್ಕ್ ಕಟ್ ಆಗೋ ಪರೀಕ್ಷೆಗೆ ಇಂಥ ಚಾಪ್ಟರ್ ಬಾಯಿಪಾಠ ಮಾಡ್ಬಿಟ್ರೆ ಗತಿ ಏನು ಹೇಳಿ. ರಿಟರ್ನ್ ಮಾಡೋಣ ಅಂದ್ರೆ ಡೇಟ್ ಮುಗಿದಿತ್ತು, ಅದಕ್ಕೆ ಆ ಪುಟಗಳಿಗೆ ಸ್ಟೇಪ್ಲರ್ ಹೊಡ್ದು ಮಿಕ್ಕಿದ್ದು ಓದ್ತಾ ಇದೀನಿ.