ವೃತ್ತಿಪರ ತಂಡವೋ, ಊರಿನಲ್ಲೇ ನೃತ್ಯ ಶಿಕ್ಷಣವೋ: ಕಲಬುರಗಿಯ ಯುವ ನರ್ತಕಿಯರಿಗೆ ಒಂದು ಹೋಲಿಕೆ

ಪಿಯುಸಿ ಮುಗಿಸಿದ ಕಲಬುರಗಿಯ ಭರತನಾಟ್ಯ ವಿದ್ಯಾರ್ಥಿನಿಯ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಬೆಂಗಳೂರಿಗೆ ಹೋಗಿ ವೃತ್ತಿಪರ ತಂಡ ಸೇರುವುದು, ಇಲ್ಲವೇ ಇಲ್ಲಿಯೇ ಪದವಿ ಓದುತ್ತ ನೃತ್ಯ ಶಿಕ್ಷಕಿಯಾಗುವುದು.

ತಂಡದಲ್ಲಿ ವೇದಿಕೆಯ ಅನುಭವ ಬೇಗ ಸಿಗುತ್ತದೆ, ಆದರೆ ಗಳಿಕೆಯೆಲ್ಲ ದೇಹವನ್ನೇ ನಂಬಿರುತ್ತದೆ. ಬ್ಯಾಲೆಯಲ್ಲಿ ಪಾದ ಮತ್ತು ಪಾದದ ಕೀಲು ಹೆಚ್ಚು ಪೆಟ್ಟು ತಿನ್ನುತ್ತವೆ. ಅರಮಂಡಿಯಲ್ಲಿ, ಅಂದರೆ ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿದ ಅರೆಕುಳಿತ ಭಂಗಿಯಲ್ಲಿ, ನಿಂತು ಬರಿಗಾಲಿನಲ್ಲಿ ತಟ್ಟುವ ನಮ್ಮವರಿಗೆ ಮೊಣಕಾಲು, ಸೊಂಟ, ಹಿಮ್ಮಡಿಗಳ ಚಿಂತೆಯೂ ಇದೆ. ಪ್ಯಾರಿಸ್ ಒಪೆರಾದ ಬ್ಯಾಲೆ ಕಲಾವಿದರು 42ನೇ ವಯಸ್ಸಿಗೆ ಪಿಂಚಣಿಯೊಂದಿಗೆ ನಿವೃತ್ತರಾಗುತ್ತಾರೆ. ನಮ್ಮ ಸ್ವತಂತ್ರ ನರ್ತಕಿಯರಿಗೆ ಆ ವಯಸ್ಸಿನಲ್ಲಿ ಅಂಥ ಆಸರೆಯಿಲ್ಲದ ಕಾರಣ, ಗಾಯವಾದ ತಿಂಗಳು ಸಂಬಳ ಬರುವುದೇ, ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಸೇರುವ ಮುನ್ನವೇ ಬರವಣಿಗೆಯಲ್ಲಿ ಪಡೆಯಬೇಕು.

ಊರಿನ ದಾರಿ ಸುರಕ್ಷಿತವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಇಲ್ಲಿ ಎಷ್ಟೋ ತರಗತಿಗಳು ಶಹಾಬಾದ್ ಕಲ್ಲಿನ ನೆಲದ ಮೇಲೆಯೇ ನಡೆಯುತ್ತವೆ. ಬ್ಯಾಲೆ ಸ್ಟುಡಿಯೊಗಳ ತುಸು ಕುಗ್ಗಿ ಪುಟಿಯುವ ಮರದ ನೆಲದಂತೆ ಅದು ಹೊಡೆತವನ್ನು ಹೀರಿಕೊಳ್ಳುವುದಿಲ್ಲ. ದಿನವಿಡೀ ತಟ್ಟಡವು (ಪಾದವನ್ನು ನೆಲಕ್ಕೆ ತಟ್ಟುವ ಮೂಲ ಹೆಜ್ಜೆ) ಮಾಡಿ ತೋರಿಸುವ ಶಿಕ್ಷಕಿಗೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ, ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ನೋವು ಚುಚ್ಚಿದರೆ, ಅದು ಮೂಳೆಯ ಸಣ್ಣ ಬಿರುಕಾಗಿರಬಹುದು. ಮುಲಾಮು ಹಚ್ಚಿ ಕುಣಿಯದೆ ಮೂಳೆ ವೈದ್ಯರನ್ನು ಕಾಣಬೇಕು. ತೂಕ ಇಳಿಸುವ ಭರದಲ್ಲಿ ಊಟ ಬಿಟ್ಟು ಮುಟ್ಟು ನಿಂತವರಲ್ಲಿ ಈ ಅಪಾಯ ಇನ್ನೂ ಹೆಚ್ಚು, ದಾರಿ ಯಾವುದೇ ಇರಲಿ.

ಹಳೆಯ ಗಾಯ ಮರುಕಳಿಸುತ್ತಿದ್ದರೆ ನಾನು ಊರಿನ ದಾರಿಯನ್ನೇ ಸೂಚಿಸುತ್ತೇನೆ. ದೇಹ ಗಟ್ಟಿಯಿದ್ದು, ಮನೆಯವರು ಕೆಲವು ವರ್ಷ ಕೈಹಿಡಿಯುವುದಾದರೆ ತಂಡ ಸೇರಬಹುದು, ದೂರಶಿಕ್ಷಣದಲ್ಲಾದರೂ ಪದವಿಯನ್ನು ಬಿಡದೆ.