ಸಿರ್ಸಿಯಿಂದ ಬೆಂಗ್ಳೂರಿಗೆ ಹೊಲಿಗೆ ಮಷಿನ್ ಕಳ್ಸೋದಾದ್ರೆ ಕೊರಿಯರ್ ಬಿಡಿ, ಲಾರಿ ಆಫೀಸಿಗೆ ಹೋಗಿ

ಮೊದ್ಲೇ ಹೇಳ್ಬಿಡ್ತೀನಿ, ಸಾಮಾನು ಮೂವತ್ತು ಕೆಜಿ ಆಚೆಈಚೆ ಇದ್ದು ಜಾಗಾನೂ ಜಾಸ್ತಿ ತಿನ್ನತ್ತೆ ಅಂತಾದ್ರೆ, ಆ ಕಡೆ ಗೋಡೌನಿಗೆ ಹೋಗಿ ಬಿಡಿಸ್ಕೊಂಡು ಬರೋಕೆ ನಮ್ಮೋರು ಯಾರಾದ್ರೂ ಇದಾರೆ ಅಂತಾದ್ರೆ, ಲಾರಿ ಟ್ರಾನ್ಸ್‌ಪೋರ್ಟೇ ಸೈ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅನ್ನೋದು ಕೆಳಗಿದೆ.

ಕಳಿಸಿದ್ದು ಅಮ್ಮನ ಕಾಲಲ್ಲಿ ತುಳಿಯೋ ಹೊಲಿಗೆ ಮಷಿನ್ನು, ಬೆಂಗ್ಳೂರಲ್ಲಿರೋ ಅಕ್ಕಂಗೆ. ಬೀಡುಕಬ್ಬಿಣದ ಸ್ಟ್ಯಾಂಡು, ಮೇಲೆ ದಪ್ಪ ಹಲಗೆ. ಈಗಿನ ಕರೆಂಟಿನ ಮಷಿನ್ನೇ ತಗೊಳ್ಳೇ ಅಂದ್ರೆ "ನಂಗೆ ಅದೇ ಬೇಕು ಮಾರಾಯಾ" ಅಂತ ಹಟ.

ಕೊರಿಯರ್‌ನವರು ತೂಕ ಕೇಳೋಕೂ ಮುಂಚೆ ಟೇಪ್ ತೆಗೆದ್ರು. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸೋದು ಅವ್ರ ಸಾಮಾನ್ಯ ಲೆಕ್ಕ, ಬಂದ ಉತ್ತರ ಮತ್ತು ನಿಜವಾದ ತೂಕ ಎರಡರಲ್ಲಿ ಯಾವ್ದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಮಷಿನ್ನು 90, 45, 75 ಇತ್ತು, ಅಂದ್ರೆ ಹೆಚ್ಚುಕಮ್ಮಿ 61 ಕೆಜಿ ಆಯ್ತು, ನಿಜ ತೂಕ ಅದ್ರ ಮುಕ್ಕಾಲೂ ಇರ್ಲಿಲ್ಲ! ಸ್ಟ್ಯಾಂಡಿನ ಕಾಲುಗಳ ಮಧ್ಯದ ಖಾಲಿ ಜಾಗಕ್ಕೂ ನಾವೇ ಬಾಡಿಗೆ ಕಟ್ಟಿದ ಹಾಗೆ. ಹಾಗಾಗಿ ಏನೇ ಕಳಿಸೋದಿದ್ರೂ ಮೊದ್ಲು ಬಿಚ್ಚಿ. ಮಷಿನ್ನಿನ ತಲೆ, ಅಂದ್ರೆ ಮೇಲಿನ ಹೊಲಿಯೋ ಭಾಗ, ಸ್ಕ್ರೂ ಸಡಿಲಿಸಿದ್ರೆ ಬರತ್ತೆ, ಸ್ಟ್ಯಾಂಡಿನ ಬೋಲ್ಟಿಗೆ ತುಕ್ಕು ಹಿಡಿದಿದ್ರೆ ತೆಂಗಿನೆಣ್ಣೆ ಸಾಕಾಗಲ್ಲ, ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ತಲೆ ಒಂದು ಪೆಟ್ಟಿಗೆ, ಸ್ಟ್ಯಾಂಡು ಒಂದು ಕಟ್ಟು, ಹಲಗೆ ಒಂದು ಕಟ್ಟು ಮಾಡಿದ್ಮೇಲೆ ಅದೇ ಟೇಪಿನ ಲೆಕ್ಕ ನಿಜ ತೂಕಕ್ಕಿಂತ ಕೆಳಗೆ ಬಂತು. ಆದ್ರೂ ಕೊರಿಯರ್ ರೇಟು ಲಾರಿಗಿಂತ ಎಷ್ಟೋ ಮೇಲೇ ಇತ್ತು, ಅದು ಬೇರೆ ಮಾತು.

ಪೋಸ್ಟ್ ಆಫೀಸು ಬೇಡ ಅಂತಲ್ಲ, ಸ್ಪೀಡ್ ಪೋಸ್ಟಲ್ಲಿ 35 ಕೆಜಿ ತನಕ ಹೋಗತ್ತೆ, ಮನೆ ಬಾಗಿಲಿಗೇ ಬರತ್ತೆ. ಪುಸ್ತಕ, ಬಟ್ಟೆ, ಪಾತ್ರೆ ಇದ್ರೆ ನಾನು ಅದನ್ನೇ ಆರಿಸ್ತಿದ್ದೆ. ಉದ್ದದ ಹಲಗೆ, ಕಬ್ಬಿಣದ ಕಟ್ಟಿಗೆ ಅಲ್ಲ. ರೈಲಂತೂ ಸಿರ್ಸಿಯವ್ರಿಗೆ ಇಲ್ಲ ಬಿಡಿ, ಘಟ್ಟ ಇಳಿದು ಕುಮಟಾಕ್ಕೆ ಹೋಗ್ಬೇಕು ಇಲ್ಲಾ ತಾಳಗುಪ್ಪಕ್ಕೆ ಹೋಗ್ಬೇಕು, ಅಲ್ಲೀತನಕದ ಗಾಡಿ ಬಾಡಿಗೆಲೇ ಉಳಿತಾಯ ಎಲ್ಲಾ ಹೋಯ್ತು. ಕಾರವಾರದ ಕಡೆಯವ್ರು ಬೇಕಿದ್ರೆ ಸ್ಟೇಷನ್ನಲ್ಲಿ ವಿಚಾರಿಸಿ, ಆದ್ರೆ ಎರಡು ನಿಮಿಷ ನಿಲ್ಲೋ ಗಾಡಿಗೆ ಇಷ್ಟು ಭಾರ ಹತ್ಸೋದು ಹೇಗೆ ಅಂತಾನೂ ಕೇಳ್ಕೊಳ್ಳಿ.

ರಾತ್ರಿ ಬಸ್ಸು ಫಾಸ್ಟು, ಬೆಳಿಗ್ಗೆ ಬೆಂಗ್ಳೂರು. ಪ್ರೈವೇಟ್ ಬಸ್ಸಲ್ಲಿ ರೇಟು ಅಂತ ಒಂದಿಲ್ಲ, ಡಿಕ್ಕಿ ಖಾಲಿ ಇದ್ರೆ ಒಂದು, ಹಬ್ಬದ ಟೈಮಲ್ಲಿ ಇನ್ನೊಂದು. ರಸೀದಿ ಕೇಳಿದ್ರೆ ಬಸ್ಸಿನ ನಂಬರ್ ಫೋಟೋ ಹೊಡ್ಕೊಳ್ಳಿ ಅಂದ್ರು ಒಬ್ರು. ಸರ್ಕಾರಿ ಬಸ್ಸಲ್ಲಾದ್ರೆ ಬುಕಿಂಗ್ ರಸೀದಿ ಕೊಡ್ತಾರೆ, ಒಂದೇ ಪೆಟ್ಟಿಗೆ ಇದ್ರೆ ನೋಡ್ಬಹುದು.

ಕೊನೆಗೆ ಲಾರಿ ಆಫೀಸು. ಅಡಿಕೆ ವ್ಯಾಪಾರದ ಊರಾಗಿದ್ದಕ್ಕೆ ನಮ್ಮಲ್ಲಿ ಟ್ರಾನ್ಸ್‌ಪೋರ್ಟಿಗೆ ಬರ ಇಲ್ಲ, ಇದೊಂದು ನಮ್ಮ ಪುಣ್ಯ. ಹಮಾಲಿಯವ್ರು ಕಾಟಾ ಮೇಲಿಟ್ರು, ಗುಮಾಸ್ತ್ರು ಎಲ್ಆರ್ (ಲಾರಿ ರಸೀದಿ) ಬರೆದ್ರು, ಆಧಾರ್ ಜೆರಾಕ್ಸು, "ಹಳೇ ಮನೆ ಸಾಮಾನು, ಮಾರಾಟಕ್ಕಲ್ಲ" ಅಂತ ಒಂದು ಚೀಟಿ, ಅಷ್ಟೇ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸೋಕೆ ಮಾಡಿಸೋ ಜಿಎಸ್‌ಟಿ ಕಾಗದ) ಬೇಕಿಲ್ಲ, ಯಾರಾದ್ರೂ ಹೆದರಿಸಿದ್ರೆ ಹೆದರ್ಬೇಡಿ. ಬಾಡಿಗೆ ಇಲ್ಲೇ ಕಟ್ಟಿದ್ರೆ ಪೇಯ್ಡ್, ಅಲ್ಲಿ ಬಿಡಿಸ್ಕೊಳ್ಳೋವಾಗ ಕಟ್ಟೋದಾದ್ರೆ ಟು ಪೇ. ನಾನು ಇಲ್ಲೇ ಕಟ್ಟಿದೆ, ಅಕ್ಕನ ಹತ್ರ ಕಟ್ಸಿದ್ರೆ ಅಮ್ಮ ಸುಮ್ನೆ ಬಿಡಲ್ಲ. ಹಮಾಲಿ, ಎಲ್ಆರ್ ಚಾರ್ಜು ಎಲ್ಲಾ ಸೇರ್ಸಿ ಎಷ್ಟು ಅಂತ ಮೊದ್ಲೇ ಕೇಳಿ, ಕೆಜಿ ರೇಟು ಮಾತ್ರ ಕೇಳಿದ್ರೆ ಸಾಲಲ್ಲ. ಎಲ್ಲಾ ಸೇರಿದ್ರೂ ಕೊರಿಯರ್ ಹೇಳಿದ್ದರ ಮೂರರಲ್ಲಿ ಒಂದು ಭಾಗ ಆಯ್ತು.

ಈಗ ಆ ಒಂದು ಸ್ಟಾರಿನ ಕಥೆ. ಸಾಮಾನು ವಾರದೊಳಗೆ ಮುಟ್ತು, ಆದ್ರೆ ಮುಟ್ಟಿದೆ ಅಂತ ಯಾರೂ ಹೇಳ್ಲಿಲ್ಲ. ಆ ಕಡೆ ಗೋಡೌನಿನ ಫೋನು ರಿಂಗಾಗತ್ತೆ, ಎತ್ತೋರಿಲ್ಲ. ಭಾವ ಆಫೀಸಿಗೆ ರಜೆ ಹಾಕಿ ಹೋಗಿ ನೋಡಿದ್ರೆ ನಮ್ಮ ಕಟ್ಟು ಮೂಲೇಲಿ ಕೂತಿದೆ. ತುಂಬಾ ದಿನ ಬಿಟ್ರೆ ಡೆಮರೇಜು (ಗೋಡೌನಲ್ಲಿ ಇಟ್ಕೊಂಡಿದ್ದಕ್ಕೆ ದುಡ್ಡು) ಬೇರೆ ಹಾಕ್ತಾರೆ. ಹಲಗೆ ಅಂಚು ಸ್ವಲ್ಪ ತರಚಿತ್ತು, ಅದಕ್ಕೆ ಜಗಳ ಆಡೋಕೆ ಹೋಗ್ಲಿಲ್ಲ. ದೊಡ್ಡ ಹಾನಿಯಾಗಿದ್ರೂ ಹೆಚ್ಚಿನ ರಿಸ್ಕಿಗೆ ಬೇರೆ ದುಡ್ಡು ಕಟ್ಟಿಲ್ಲ ಅಂದ್ರೆ ಸಿಗೋ ಪರಿಹಾರಕ್ಕೆ ಬಾಡಿಗೆಯ ಹತ್ತು ಪಟ್ಟಿನ ಮಿತಿ ಇದೆ ಕಾನೂನಲ್ಲಿ, ಬುಕ್ ಮಾಡಿದ 180 ದಿನದೊಳಗೆ ಬರೆದು ಕೇಳ್ಬೇಕು, ಹಾಗಾಗಿ ಎಲ್ಆರ್ ಕಾಪಿ ಜೋಪಾನ. ಸಾಮಾನು ಹೋಗೋ ಊರಲ್ಲಿ ಲಾರಿ ಆಫೀಸಿನವ್ರದ್ದು ಎರಡು ಮೂರು ಬ್ರಾಂಚ್ ಇದ್ರೆ ಮನೆಗೆ ಹತ್ರದ್ದನ್ನೇ ಎಲ್ಆರ್‌ನಲ್ಲಿ ಬರೆಸಿ. ಇಲ್ಲಾಂದ್ರೆ ಸಿರ್ಸಿ ಇಂದ ಬೆಂಗ್ಳೂರಿಗೆ ಒಂದು ಬಾಡಿಗೆ, ಬೆಂಗ್ಳೂರಿಂದ ಬೆಂಗ್ಳೂರಿಗೇ ಗೂಡ್ಸ್ ಆಟೋದವ್ರಿಗೆ ಅಷ್ಟೇ ಬಾಡಿಗೆ.

ಪ್ಯಾಕಿಂಗು: ಮೊದ್ಲು ಹಳೇ ಕಂಬಳಿ, ಅದ್ರ ಮೇಲೆ ಪ್ಲಾಸ್ಟಿಕ್, ಹೊರಗೆ ಗೋಣಿ, ದಬ್ಬಣದಲ್ಲಿ ಹೊಲಿಗೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಎರಡು ಸುತ್ತು. ಹೆಸ್ರು, ಫೋನ್ ನಂಬರು ಪ್ರತಿ ಕಟ್ಟಿನ ಮೇಲೂ ಪೇಂಟಲ್ಲಿ ಬರೀರಿ, ಅಂಟಿಸಿದ ಚೀಟಿ ಉಳಿಯಲ್ಲ. ಬೋಲ್ಟು, ಬೆಲ್ಟು, ಬಾಬಿನ್ ಎಲ್ಲಾ ಒಂದು ಡಬ್ಬಿಗೆ ಹಾಕಿ ತಲೆಯ ಪೆಟ್ಟಿಗೆಲೇ ಇಡಿ. ಜೋನಿಬೆಲ್ಲದ ಡಬ್ಬಿನೂ ಜೊತೆಗೆ ಕಟ್ಟು ಅಂತ ಅಮ್ಮ ಹೇಳಿದ್ಲು, ಅದನ್ನ ಮಾತ್ರ ನಾನು ಕಟ್ಲಿಲ್ಲ, ಯಾರಾದ್ರೂ ಆ ಕಡೆ ಹೋಗೋರ ಕೈಲಿ ಕೊಡ್ಬೇಕು.