ಕೋಡಿಬಾಗದಲ್ಲಿ ಕ್ಯಾಂಟನೀಸ್ ರೋಸ್ಟ್

ನಮ್ಮ ಕರಾವಳಿಯ ಹೊಟೇಲುಗಳಲ್ಲಿ ಚೈನೀಸ್ ಎಂದರೆ ಗೋಬಿ ಮಂಚೂರಿ, ಫ್ರೈಡ್ ರೈಸ್, ಚಿಲ್ಲಿ ಚಿಕನ್ ಎಂದೇ ರೂಢಿಯಾಗಿದೆ. ಕಾರವಾರದ ಕೋಡಿಬಾಗ ರಸ್ತೆಯ ಈ ಚಿಕ್ಕ ಹೊಟೇಲಿನಲ್ಲಿ ಅವು ಯಾವುವೂ ಸಿಗುವುದಿಲ್ಲ. ಹಡಗಿನ ಅಡುಗೆಮನೆಯಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದ ಮಾಲೀಕರು, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲೂ ಹಾಂಗ್‌ಕಾಂಗ್‌ನಲ್ಲೂ ಮನೆಮಾತಾಗಿರುವ ಸಿಯು ಮೇ ಎಂಬ ಸುಟ್ಟ ಮಾಂಸದ ಅಡುಗೆಯೊಂದನ್ನೇ ನೆಚ್ಚಿಕೊಂಡಿದ್ದಾರೆ.

ನನ್ನ ಮಟ್ಟಿಗೆ ಇಲ್ಲಿಯ ಹೆಗ್ಗಳಿಕೆ ಸಿಯು ಯುಕ್, ಅಂದರೆ ಗರಿಗರಿ ತೊಗಲಿನ ಹಂದಿ ಮಾಂಸ. ಹೊಟ್ಟೆಯ ಭಾಗದ ಮಾಂಸವನ್ನು ಆರಿಸಿಕೊಂಡು, ತೊಗಲಿಗೆ ಒತ್ತೊತ್ತಾಗಿ ಸೂಜಿ ಚುಚ್ಚಿ, ಉಪ್ಪು ಸವರಿ, ಪಸೆ ಪೂರ್ತಿ ಆರಿದ ಮೇಲೆ ಜೋರು ಉರಿಗೆ ಒಡ್ಡಿದರೆ ಅದು ಸಣ್ಣ ಸಣ್ಣ ಗುಳ್ಳೆಗಳಾಗಿ ಉಬ್ಬುತ್ತದೆ. ಸರಿಯಾಗಿ ಆರದ ತೊಗಲು ಉಬ್ಬದೆ ಹಲ್ಲಿಗೆ ಜಗ್ಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಕಡಲ ತಡಿಯಲ್ಲಿ ಇದನ್ನು ಸಾಧಿಸುವುದು ಕಷ್ಟ. ಅದಕ್ಕಾಗಿಯೇ ಇಲ್ಲಿ ಮಾಂಸವನ್ನು ಮುಚ್ಚದೆ ಇಡೀ ರಾತ್ರಿ ಫ್ರಿಜ್ಜಿನಲ್ಲಿಟ್ಟು ಆರಿಸುತ್ತಾರೆ. ದಪ್ಪ ಮರದ ಹಲಗೆಯ ಮೇಲೆ ಅಗಲವಾದ ಕತ್ತಿ ಬಿದ್ದಾಗ ತೊಗಲು ಚಟ್ಟನೆ ಒಡೆಯುವ ಸದ್ದು ಮೇಜಿನವರೆಗೂ ಕೇಳಿಸುತ್ತದೆ. ತಟ್ಟೆಗೆ ಬಂದ ತುಂಡಿನಲ್ಲಿ ಕೊಬ್ಬು, ಮಾಂಸ, ಮತ್ತೆ ಕೊಬ್ಬು ಎಂದು ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಜೊತೆಗೆ ಕೊಡುವ ಅರೆದ ಸಾಸಿವೆ ಆ ಜಿಡ್ಡನ್ನು ಚೆನ್ನಾಗಿ ಮುರಿಯುತ್ತದೆ.

ಬಾತುಕೋಳಿಯ ರೋಸ್ಟ್ ಇದಕ್ಕಿಂತ ಹೆಚ್ಚು ದುಡಿಮೆ ಬೇಡುವಂಥದ್ದು. ಹೊಟ್ಟೆಯೊಳಗೆ ಮಸಾಲೆ ತುಂಬಿ ಹೊಲಿದು, ತೊಗಲಿಗೂ ಮಾಂಸಕ್ಕೂ ನಡುವೆ ಗಾಳಿ ಊದಿ, ಮೇಲೆ ಕುದಿನೀರು ಹೊಯ್ದು, ಮಾಲ್ಟೋಸ್ ಎಂಬ ಅಂಟು ಸಿಹಿ ಪಾಕವನ್ನೂ ವಿನೆಗರನ್ನೂ ಬಳಿದು ಒಣಗಿಸಿದ ನಂತರವೇ ಅದನ್ನು ಕೊಕ್ಕೆಗೆ ತೂಗುಹಾಕಿ ಸುಡುತ್ತಾರೆ. ಆ ಮಸಾಲೆಯಲ್ಲಿ ಚಕ್ರಮೊಗ್ಗು, ದಾಲ್ಚಿನ್ನಿ, ಲವಂಗ, ಬಡೆಸೋಪುಗಳ ಜೊತೆ ಸೇರುವ ಸಿಚುವಾನ್ ಮೆಣಸು, ನಾವು ಬಂಗಡೆ ಸಾರಿಗೆ ಹಾಕುವ ತೆಪ್ಪಲದ ಕುಲಕ್ಕೇ ಸೇರಿದ್ದು. ಮಾಲೀಕರು ಅದರ ಬದಲು ತೆಪ್ಪಲವನ್ನೇ ಬಳಸುತ್ತಾರೆ, ಮತ್ತು ಅದು ಸೊಗಸಾಗಿ ಒಗ್ಗಿದೆ: ನಾಲಿಗೆಯ ತುದಿ ಜುಮ್ಮೆನ್ನುವಷ್ಟರಲ್ಲಿ ಪ್ಲಮ್ ಸಾಸಿನ ಹುಳಿಸಿಹಿ ಬಂದು ತಾಗುತ್ತದೆ.

ಚಾರ್ ಸಿಯು, ಅಂದರೆ ಸಿಹಿ ಮಸಾಲೆ ಸವರಿ ಸುಟ್ಟ ಹಂದಿ ಮಾಂಸ, ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಂಚಿನ ಕರಕಲು ಹದವಾಗಿದ್ದರೂ ಜೇನುತುಪ್ಪ ಹೆಚ್ಚಾಗಿ ಸೋಯಾದ ಉಪ್ಪು ಅಡಗಿಹೋಗಿದೆ. ಅನ್ನದ ವಿಷಯದಲ್ಲೂ ನನ್ನ ತಕರಾರಿದೆ. ಕುಚ್ಚಲಕ್ಕಿ ಅನ್ನ ಮೀನು ಸಾರಿಗೆ ಎಷ್ಟೇ ಹೊಂದಿದರೂ ಮಾಂಸದ ತೆಳು ರಸವನ್ನು ಹೀರಿಕೊಳ್ಳುವುದಿಲ್ಲ. ಬೆಳ್ತಿಗೆ ಅನ್ನ ಬೇಕೆಂದು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಬಾತುಕೋಳಿ ಬೇಕಾದವರು ಹಿಂದಿನ ದಿನವೇ ತಿಳಿಸಬೇಕು. ಸಂಜೆಯ ಹೊತ್ತಿಗೆ ತೊಗಲು ಮೆತ್ತಗಾಗುವುದರಿಂದ, ಅದರಲ್ಲೂ ಮಳೆಗಾಲದಲ್ಲಿ, ಮಧ್ಯಾಹ್ನದ ಊಟಕ್ಕೇ ಹೋಗುವುದು ಲೇಸು. ಪಾರ್ಸೆಲ್ ಒಯ್ಯುವವರು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಸದೆ, ಸಾಸನ್ನು ಬೇರೆಯಾಗಿ ಕಟ್ಟಿಸಿಕೊಳ್ಳಬೇಕು.